ಗುರೆಳ್ಳು ಪುಡಿಯ ಡಬ್ಬಿ

"ಅಜ್ಜಾರ, ಒಂದು ಕೇಳ್ತೀನ್ರಿ. ಊರು ನೋಡಾಕ ಹೋದಾಗ ಊರು ಸಪ್ಪಗಿದ್ರ ತಪ್ಪು ಯಾರದು? ಊರಿಂದೋ, ನೋಡಾಕ ಹೋದವರದೋ?"

ಕೇಳಿದವನು ಯಮನೂರ. ಮಠದ ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನು, ಎಲ್ಲರಿಗಿಂತ ತಂಟೆಕೋರ. ಹಿಂದಿನ ತಿಂಗಳು ಯಾರೋ ಊಟದ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ, ಗಂಟೆ ಕೇಳಿಸದೆ ಇಡೀ ಮಠ ಹಸಿದು ಕೂತಿತ್ತು. ಸುತ್ತಿದವರು ಯಾರೆಂದು ಇನ್ನೂ ಪತ್ತೆಯಾಗಿರಲಿಲ್ಲ. ಆದರೆ ಅವತ್ತು ಹಸಿಯದೆ ಇದ್ದವನು ಯಮನೂರ ಒಬ್ಬನೇ.

ಅವನು ಮೊದಲು ಬೇರೆ ಮಠದಲ್ಲಿದ್ದ. ಇಲ್ಲಿಗೆ ಬಂದ ಮೇಲೆ ಮಠದ ಗುರು ಕಲ್ಲಯ್ಯಜ್ಜಾರು ಯಾವ ಪಾಠ ಹೇಳಿದರೂ, ಪಾಠ ಮುಗಿಯುವ ಮುಂಚೆಯೇ ಅವನ ಬಾಯಿಂದ ಒಂದು ಮಾತು ಹೊರಬೀಳುತ್ತಿತ್ತು. "ಹಿಂದಿನ ಮಠದಾಗ ಇದನ್ನ ಬ್ಯಾರೆ ಥರ ಹೇಳ್ತಿದ್ರು." ಅಜ್ಜಾರು ಕೇಳಿಸಿಕೊಂಡು ಪಾಠ ಮುಂದುವರಿಸುತ್ತಿದ್ದರು.

ಶನಿವಾರ, ಭಾನುವಾರ ಯಮನೂರ ಗೆಳೆಯರ ಜೊತೆ ಊರು ಸುತ್ತಲು ಹೋಗಿದ್ದ. ಹೋಗುವಾಗ ಕುಣಿಯುತ್ತ ಹೋದವನು ಬರುವಾಗ ಕಾಲೆಳೆಯುತ್ತ ಬಂದ.

"ಏನು ನೋಡಿದೆ?" ಅಜ್ಜಾರು ಕೇಳಿದರು.

"ಒಂದು ಹಳೇ ಕೋಟೆ ನೋಡಿದ್ವಿ. ಅರ್ಧ ಬಿದ್ದಿತ್ತು. ಇನ್ನರ್ಧ ನಾವು ಹೋಗೂದನ್ನ ಕಾಯಾಕತ್ತಿತ್ತು."

"ಏನು ತಿಂದೆ?"

"ಅಲ್ಲಿ ಗಿರ್ಮಿಟ್ ಭಾಳ ಹೆಸರಾದದ್ದು ಅಂದ್ರು. ತಿಂದ್ವಿ. ನಮ್ಮೂರ ಸಂತ್ಯಾಗಿನ ಗಿರ್ಮಿಟ್ ಮುಂದ ಅದು ಏನೂ ಅಲ್ರಿ." ಯಮನೂರ ನೆಲ ನೋಡುತ್ತ ಹೇಳಿದ. "ಖರೇ ಹೇಳಬೇಕಂದ್ರ, ಈ ಮಠಾನೂ ನನಗ ಹಂಗ ಅನಸಾಕತ್ತೈತ್ರಿ. ಹೊಳಿ ಆಚಿಗೆ ದೊಡ್ಡ ಮಠ ಐತೆಲ್ರಿ, ಅಲ್ಲಿಗೆ ಹೋಗಬೇಕಂತ ಮಾಡೀನಿ. ಅಪ್ಪಣಿ ಕೊಡ್ರಿ."

ಉಳಿದ ಶಿಷ್ಯರು ಅಜ್ಜಾರನ್ನು ನೋಡಿದರು. ಅಜ್ಜಾರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಹೋಗುವವನು ಹೋಗಲೇಬೇಕು. ಅದಕ್ಕೆ ಮೊದಲು ಒಂದು ಕತೆ ಕೇಳು" ಎಂದರು. ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಇಬ್ಬರು ಗೆಳೆಯರು. ಒಬ್ಬ ಕ್ಷೌರಿಕ, ಇನ್ನೊಬ್ಬ ವ್ಯಾಪಾರಿ.

ರೈತ ಎಲ್ಲಿಗೆ ಹೊರಟರೂ ಅವನ ಅಂಗಿಯ ಕಿಸೆಯಲ್ಲಿ ಒಂದು ಡಬ್ಬಿ ಇರುತ್ತಿತ್ತು. ಅದರ ತುಂಬ ಹೆಂಡತಿ ಮಾಡಿದ ಗುರೆಳ್ಳು ಚಟ್ನಿಪುಡಿ. ಮದುವೆಗೆ ಹೋದರೂ ಡಬ್ಬಿ, ಕೋರ್ಟಿಗೆ ಹೋದರೂ ಡಬ್ಬಿ. ಎಲೆಗೆ ಏನೇ ಬೀಳಲಿ, ಅದರ ಮೇಲೆ ಮೊದಲು ಪುಡಿ ಬೀಳಬೇಕು. ಕೈ ಬಾಯಿಗೆ ಹೋಗುವುದು ಆಮೇಲೆ. ಒಂದು ಮದುವೆಯಲ್ಲಿ ಮಾತಿನ ಭರದಲ್ಲಿ ಶ್ಯಾವಿಗೆ ಪಾಯಸದ ಮೇಲೂ ಉದುರಿಸಿಕೊಂಡು, ಮರ್ಯಾದೆಗೆ ಅಂಜಿ ಅಷ್ಟನ್ನೂ ತಿಂದು ಎದ್ದಿದ್ದ. ಆದರೂ ಡಬ್ಬಿ ಬಿಡಲಿಲ್ಲ.

ಕ್ಷೌರಿಕ ಗುಡ್ಡದಾಚೆಯ ಊರಿನವನು. ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಗಿರಾಕಿಯ ಗಲ್ಲಕ್ಕೆ ಸಾಬೂನು ಹಚ್ಚುತ್ತ ಅವನು ಆ ಅಕ್ಕ ಮಾಡುವ ಸಜ್ಜೆ ಕಡುಬಿನ ಮಾತು ಶುರು ಮಾಡುತ್ತಿದ್ದ. ಗಲ್ಲ ನುಣ್ಣಗಾಗಿ ಗಿರಾಕಿ ಎದ್ದು ಹೊರಗೆ ಹೋದರೂ ಕಡುಬಿನ ಮಾತು ಮುಗಿಯುತ್ತಿರಲಿಲ್ಲ.

"ಕಡುಬು ಕಡುಬು ಅಂತ ನಮ್ಮ ತಲಿ ತಿಂದಿ. ನಡಿ, ಒಮ್ಮೆ ಹೋಗಿ ತಿಂದ ಬಿಡೋಣು" ಎಂದ ರೈತ ಒಂದು ದಿನ.

ಕ್ಷೌರಿಕನಿಗೆ ಹಿಡಿಸಲಾರದಷ್ಟು ಹಿಗ್ಗು. ಒಳಗೊಳಗೇ ಪುಕುಪುಕು ಕೂಡ. ಹುಟ್ಟೂರಿಗೆ ಗೆಳೆಯರನ್ನು ಕರೆದೊಯ್ಯುತ್ತಿರುವುದು ಅದೇ ಮೊದಲು. ಗೆಳೆಯರ ಮುಂದೆ ಅಕ್ಕನ ಮಾನ, ಅಕ್ಕನ ಮುಂದೆ ಗೆಳೆಯರ ಮಾನ, ಎರಡನ್ನೂ ಅವನೇ ಹೊತ್ತಿದ್ದ. ಅದಕ್ಕೇ ಬಸ್ಸಿನಲ್ಲಿ ರೈತನ ಪಕ್ಕ ಕೂತು ಮೊದಲೇ ಹೇಳಿದ.

"ನಮ್ಮೂರಾಗ ಒಂದು ಪದ್ಧತಿ ಐತಿ. ಮೊದಲ ತುತ್ತು ಬರೇದ ತಿನ್ನಬೇಕು. ಏನೂ ಹಚ್ಚಬಾರದು, ಏನೂ ಕಲಸಬಾರದು. ಅಡಗಿ ಮಾಡಿದಾಕಿ ಬಾಗಿಲದಾಗ ನಿಂತು ನೋಡ್ತಿರ್ತಾಳ. ಉಂಡವರು ಒಂದು ಮಾತು ಹೇಳಿದ ಮ್ಯಾಲೆನ ಒಳಗ ಹೋಗ್ತಾಳ. ತಿಳೀತಾ?"

"ಹೂಂ" ಎಂದ ರೈತ. ಅವನ ಕಣ್ಣು ಕಿಟಕಿಯ ಹೊರಗಿತ್ತು. "ಈ ಹೊಲದವರು ಕಸಾನ ತಗದಿಲ್ಲ ನೋಡಲೇ. ನಮ್ಮೂರಾಗ ಹಿಂಗ ಬಿಟ್ಟಿದ್ರ ಮಂದಿ ಬೈತಿದ್ರು."

ಊರು ತಲುಪಿದ ಮೇಲೆ ಕ್ಷೌರಿಕ ಮೊದಲು ಅವರನ್ನು ಕೂಗುಬಂಡೆಗೆ ಕರೆದುಕೊಂಡು ಹೋದ. ಆ ಬಂಡೆಯ ಎದುರು ನಿಂತು ಕೂಗಿದರೆ ಕೂಗಿದ ಮಾತು ತಿರುಗಿ ಬರುತ್ತದೆ. ವ್ಯಾಪಾರಿ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದ. ಬಂಡೆಗಿಂತ ಅವನಿಗೆ ಚಪ್ಪಲಿಯದೇ ಧ್ಯಾನ. ರೈತ ಬಂಡೆಯ ಮುಂದೆ ಎದೆ ಉಬ್ಬಿಸಿ ನಿಂತು, ತನ್ನ ಊರಿನ ಹೆಸರನ್ನು ಕೂಗಿದ. ಬಂಡೆ ಅವನ ಊರಿನ ಹೆಸರನ್ನೇ ತಿರುಗಿ ಕೂಗಿತು.

"ಇದನ್ನ ಕೇಳಾಕ ಇಷ್ಟು ದೂರ ಬರಬೇಕಿತ್ತಾ? ನಮ್ಮೂರ ಬಸ್‌ಸ್ಟ್ಯಾಂಡಿನಾಗ ಕಂಡಕ್ಟರ್ ಇದಕ್ಕಿಂತ ಜೋರು ಒದರತಾನ" ಎಂದ ರೈತ.

ಆಮೇಲೆ ಮೆಟ್ಟಿಲು ಬಾವಿ. "ಕೆಳಗಿನ ಮೆಟ್ಟಲ ತನಕ ಇಳಿದು ಕುಂದ್ರು. ಇಂಥಾ ಬಿಸಲಾಗೂ ನಡಗತಿ" ಎಂದ ಕ್ಷೌರಿಕ. ರೈತ ಮೇಲಿನಿಂದಲೇ ಬಗ್ಗಿ ನೋಡಿ, "ನಮ್ಮ ಹೊಲದ ಬಾವಿ ಇದಕ್ಕಿಂತ ಆಳ ಐತಿ" ಎಂದ. ಇಳಿಯಲಿಲ್ಲ. ವ್ಯಾಪಾರಿಯೂ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಪಾಚಿ ಇತ್ತು, ಕಾಲಲ್ಲಿ ಹೊಸ ಚಪ್ಪಲಿ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತರು. ಅಕ್ಕ ಹೊಸ ಸಜ್ಜೆಯನ್ನು ಬೀಸಿ ಕಡುಬು ಮಾಡಿದ್ದಳು. ಉಗಿಯಾಡುವ ಕಡುಬಿನ ನಡುವೆ ಬೆರಳಿನಿಂದ ಕುಳಿ ಮಾಡಿ ಬೆಣ್ಣೆ ಇಟ್ಟಳು. ಪಕ್ಕದಲ್ಲಿ ಹುರುಳಿ ಕಟ್ಟಿನ ಸಾರು. ಬಡಿಸಿ, ಬಾಗಿಲಲ್ಲಿ ನಿಂತಳು.

ವ್ಯಾಪಾರಿ ಒಂದು ತುತ್ತು ಬರಿದೇ ಬಾಯಿಗಿಟ್ಟುಕೊಂಡು, ಸುಟ್ಟು, ಹಾ ಹಾ ಎಂದು ಬಾಯಿ ತೆರೆದು, "ಸುಡಾಕತ್ತೈತ್ರಿ ಅಕ್ಕಾರ. ಆದ್ರ ಬಿಡೂ ಹಂಗಿಲ್ಲ" ಎಂದ. ಅಕ್ಕ ನಕ್ಕಳು.

ರೈತ ಕಿಸೆಗೆ ಕೈ ಹಾಕಿದ. ಡಬ್ಬಿ ತೆಗೆದ. ಕ್ಷೌರಿಕ ಮೊಣಕೈಯಿಂದ ತಿವಿದ. ರೈತ ಅವನಿಗೆ ಜಾಗ ಸಾಲದೇನೋ ಎಂದುಕೊಂಡು ಸ್ವಲ್ಪ ಸರಿದು ಕೂತು, ಡಬ್ಬಿಯ ತಳಕ್ಕೆ ಬೆರಳಿನಿಂದ ಟಕಟಕ ಬಡಿದ. ಬಿಳಿ ಬೆಣ್ಣೆ ಕಾಣದ ಹಾಗೆ ಕಡುಬು ಕರ್ರಗಾಯಿತು. ಆಮೇಲೆ ತುತ್ತು ಮುರಿದ.

ಅಕ್ಕ ಕಾದಳು. ಅವನು ಏನೂ ಹೇಳದ್ದು ನೋಡಿ ತಾನೇ ಕೇಳಿದಳು. "ಹೆಂಗೈತ್ರಿ ಅಣ್ಣಾರ?"

"ಐತ್ರಿ, ಚಲೋ ಐತಿ. ನಮ್ಮನ್ಯಾಗೂ ಹಿಂಗ ಇರತೈತಿ."

ಅವನು ಸುಳ್ಳು ಹೇಳಲಿಲ್ಲ. ಅವನ ನಾಲಿಗೆಗೆ ತಾಕಿದ್ದು ಅವನ ಮನೆಯದೇ. ಅಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಮತ್ತೆ ಬಡಿಸಲು ಬಂದಾಗ ಬಾಗಿಲಲ್ಲಿ ನಿಲ್ಲಲಿಲ್ಲ. ಕ್ಷೌರಿಕ ವರ್ಷಾನುಗಟ್ಟಲೆ ಹೊಗಳಿದ ಅದೇ ಕಡುಬನ್ನು ತಿನ್ನದೆ ಚೂರು ಚೂರು ಮುರಿಯುತ್ತ ಕೂತ.

ಸಂಜೆ ಮೂವರೂ ಕಟ್ಟೆಯ ಮೇಲೆ ಕೂತರು. ವ್ಯಾಪಾರಿ ಚಪ್ಪಲಿ ಬಿಚ್ಚಿ ಹಿಮ್ಮಡಿಯ ಗುಳ್ಳೆ ನೋಡಿಕೊಳ್ಳುತ್ತಿದ್ದ. ರೈತ ಗೆಳೆಯನ ಹೆಗಲ ಮೇಲೆ ಕೈ ಹಾಕಿದ.

"ಬ್ಯಾಸರ ಮಾಡ್ಕೋಬ್ಯಾಡಲೇ. ನಿಮ್ಮೂರು ಚಲೋನ ಐತಿ. ಹೊಸಾದು ಏನೂ ಇಲ್ಲ, ಅಷ್ಟ."

ಹತ್ತು ಗಿರಾಕಿಗಳ ಮಾತನ್ನು ಒಬ್ಬನೇ ಆಡುವ ಕ್ಷೌರಿಕ ಆ ಸಂಜೆ ತಲೆ ತಗ್ಗಿಸಿ ಕಟ್ಟೆಯ ಗಾರೆ ಕೆರೆಯುತ್ತ ಕೂತ.

ರೈತ ಕಲ್ಲೆದೆಯವನೇನಲ್ಲ. ಗೆಳೆಯನ ಮುಖ ಬಾಡಿದ್ದು ಅವನಿಗೂ ಚುಚ್ಚಿತು. ಅವನ ತಲೆಯಲ್ಲಿ ಒಂದು ಪ್ರಶ್ನೆ ಹುಳದ ಹಾಗೆ ಕೊರೆಯತೊಡಗಿತು. ಅತ್ತೆಯ ಮನೆಯಲ್ಲಿ ಉಂಡರೂ ಇದೇ ರುಚಿ. ಜಿಲ್ಲೆಯ ಊರಿನ ಖಾನಾವಳಿಯಲ್ಲಿ ಉಂಡರೂ ಇದೇ ರುಚಿ. ಇಲ್ಲಿಯೂ ಇದೇ. ಇಷ್ಟೊಂದು ಊರು ಮಾಡಿದ ದೇವರು, ಎಲ್ಲ ಊರಿಗೂ ಒಂದೇ ರುಚಿಯನ್ನು ಯಾಕೆ ಇಟ್ಟ? ಸೋಮಾರಿಯೇ ಅವನು? ಎಷ್ಟು ಯೋಚಿಸಿದರೂ ರೈತನಿಗೆ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ ರೈತ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಹಿತ್ತಲಿಗೆ ಸ್ನಾನಕ್ಕೆ ಹೋದ. ಸ್ನಾನ ಮುಗಿಸಿ ಬರುವಾಗ ಕ್ಷೌರಿಕ ಗೂಟದ ಪಕ್ಕ ನಿಂತು, ಮೇಲೆ ತೊಲೆಯನ್ನು ನೋಡುತ್ತ ಏನೋ ಗುನುಗುತ್ತಿದ್ದ.

"ಅಜ್ಜಾರ, ತಡೀರಿ" ಯಮನೂರ ನಡುವೆ ಬಾಯಿ ಹಾಕಿದ. "ಅವ ಏನೋ ಮಾಡ್ಯಾನ."

"ನಿನಗೆ ಹೇಗೆ ಗೊತ್ತು?" ಎಂದರು ಅಜ್ಜಾರು.

"ತೊಲಿ ನೋಡ್ಕೋತ ಗುನಗೂದು ಅಂದ್ರ ಅದ ಅಲ್ರಿ. ಗಂಟಿಗೆ ಬಟ್ಟಿ ಸುತ್ತಿದ ದಿನ ನಾನೂ..."

ಮಠದ ಶಿಷ್ಯರೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದರು. ಯಮನೂರ ಬಾಯಿ ಮುಚ್ಚಿಕೊಂಡ. ಅಜ್ಜಾರು ಏನೂ ಕೇಳಿಸಲಿಲ್ಲವೆನ್ನುವ ಹಾಗೆ ಕತೆ ಮುಂದುವರಿಸಿದರು.

ಆ ದಿನವೂ ಊಟಕ್ಕೆ ಕಡುಬೇ. ಅಕ್ಕ ಬಡಿಸಿ ಒಳಗೆ ಹೋಗುವವಳಿದ್ದಳು. ಕ್ಷೌರಿಕ ಕಣ್ಸನ್ನೆಯಲ್ಲೇ ತಡೆದ. ಅವಳು ಬಾಗಿಲ ಮರೆಯಲ್ಲಿ ನಿಂತಳು.

ರೈತ ಡಬ್ಬಿ ತೆಗೆದ. ವ್ಯಾಪಾರಿಯ ಜೊತೆ ಚಪ್ಪಲಿಯ ವಿಷಯ ಮಾತಾಡುತ್ತಲೇ ಟಕಟಕ ಬಡಿದ. ಕಡುಬು ಕರ್ರಗಾಯಿತು. ತುತ್ತು ಬಾಯಿಗಿಟ್ಟ. ಮಾತು ಅಲ್ಲಿಗೇ ನಿಂತಿತು. ನಿಧಾನವಾಗಿ ಜಗಿದ. ಮತ್ತೊಂದು ತುತ್ತು. ಮತ್ತೊಂದು.

"ಅಬ್ಬಬ್ಬಾ!" ಎಂದ ರೈತ. "ಏನ್ ಮಾಡ್ಯಾಳಲೇ ನನ್ನ ಹೇಂತಿ ಈ ಸಲದ ಪುಡಿ! ನಿನ್ನೆ ತಳ ಮುಟ್ಟಿರಲಿಲ್ಲ ಕಾಣ್ತೈತಿ. ರುಚಿ ಎಲ್ಲಾ ತಳದಾಗ ಕುಂತಿತ್ತು. ಅಕ್ಕಾರ, ಇನ್ನೊಂದು ಕಡುಬು ಹಾಕ್ರಿ. ನಮ್ಮ ಪುಡಿ ನಿಮ್ಮ ಕಡುಬನ್ನ ಎಲ್ಲಿಗೆ ಒಯ್ತು ನೋಡ್ರಿ!"

ಬಾಗಿಲ ಮರೆಯಲ್ಲಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಕ್ಷೌರಿಕನಿಗೆ ಕೆಮ್ಮು ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ.

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ರೈತನದು ಪುಡಿಯದೇ ಮಾತು. ಮನೆಗೆ ಬಂದವನೇ ಹೆಂಡತಿಯ ಕೈಗೆ ಡಬ್ಬಿ ಕೊಟ್ಟ. "ಊರು ಸಪ್ಪನ್ನ ಊರು. ನಿನ್ನ ಪುಡಿ ಇಲ್ಲದಿದ್ರ ಉಪಾಸ ಬೀಳ್ತಿದ್ದೆ. ಈ ಸಲ ಏನು ಹಾಕಿದ್ದಿ ಇದಕ್ಕ?"

ಹೆಂಡತಿ ಮುಚ್ಚಳ ತೆಗೆದಳು. ಮೂಸಿದಳು. ಹುಬ್ಬು ಗಂಟಿಕ್ಕಿತು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಇದು ನನ್ನ ಕೈದಲ್ರಿ."

"ಹುಚ್ಚಿ. ನನ್ನ ಕಿಸೆ ಬಿಟ್ಟು ಎಲ್ಲಿ ಹೋಗತೈತಿ ಅದು?"

"ನಾ ಹುಣಸಿಹಣ್ಣು ಹಾಕ್ತೀನಿ. ಇದರಾಗ ಹುಣಸಿ ಚಿಗುರು ಐತಿ. ಬಿಸಲಿಗೆ ಇಟ್ಟಿಲ್ಲ, ನೆಳ್ಳಾಗ ಒಣಗಿಸ್ಯಾರ. ಅದಕ್ಕ ಹುಳಿ ಹಿಂದಿಂದ ಬರತೈತಿ." ಅವಳು ಇನ್ನೊಂದು ಚಿಟಿಕೆ ತೆಗೆದುಕೊಂಡಳು. "ಯಾರು ಮಾಡ್ಯಾರ್ರಿ ಇದನ್ನ? ಭಾಳ ಚಲೋ ಕೈ."

ರೈತ ಡಬ್ಬಿಯನ್ನೂ ಹೆಂಡತಿಯನ್ನೂ ನೋಡಿದ. ಅವನಿಗೆ ಗೂಟ ನೆನಪಾಯಿತು. ಗೂಟದ ಪಕ್ಕದ ಗುನುಗು ನೆನಪಾಯಿತು. ನೇರ ಕ್ಷೌರಿಕನ ಅಂಗಡಿಗೆ ನಡೆದ.

ಕ್ಷೌರಿಕ ಕುರ್ಚಿ ಝಾಡಿಸಿ ಕೂರಿಸಿದ. ಗಲ್ಲಕ್ಕೆ ಸಾಬೂನು ಹಚ್ಚಿದ. ಒಂದು ಗಲ್ಲ ಕೆರೆದ. ಕತ್ತಿ ಗಂಟಲಿಗೆ ಬಂದಾಗ ರೈತ ಕೇಳಿದ.

"ಡಬ್ಬಿಗೆ ಏನ್ ಮಾಡಿದ್ದಿ, ಹೇಳಲೇ."

"ಅಲ್ಲಾಡಬ್ಯಾಡ. ಕತ್ತಿ ಐತಿ" ಎಂದ ಕ್ಷೌರಿಕ. "ನೀ ಜಳಕಾ ಮಾಡಾಕ ಹೋದಾಗ ನಿನ್ನ ಪುಡಿ ತಗದು ಅಕ್ಕನ ಪುಡಿ ತುಂಬಿದೆ. ನಮ್ಮೂರದ್ದು ಏನರ ಒಂದು ನಿನ್ನ ಬಾಯಿಗೆ ಹೋಗಲಿ ಅಂತ ಮಾಡಿದೆ. ಹೋತು. ಆದ್ರ ನೀ ಹೊಗಳಿದ್ದು ನಿನ್ನ ಹೇಂತಿನ. ಅಕ್ಕ ಬಾಗಲ ಹಿಂದ ನಿಂತು ಕೇಳಾಕತ್ತಿದ್ಲು. ನಕ್ಕಳೋ ಅತ್ತಳೋ, ಸೆರಗು ಅಡ್ಡ ಇತ್ತು, ನನಗ ಗೊತ್ತಾಗಲಿಲ್ಲ."

ರೈತ ಮೆಲ್ಲಗೆ ಕೇಳಿದ. "ನನ್ನ ಪುಡಿ ಚೆಲ್ಲಿದ್ಯಾ?"

"ಅನ್ನ ಯಾರರ ಚೆಲ್ತಾರನು? ಅಕ್ಕ ಒಂದು ಬಟ್ಟಲಕ್ಕ ಹಾಕ್ಕೊಂಡ್ಲು. ನಮ್ಮ ಪದ್ಧತಿ ಹಂಗ, ಮೊದಲು ಬರೇ ಪುಡೀನ ನಾಲಿಗಿ ಮ್ಯಾಲಿಟ್ಟಳು. 'ಯಾರೋ ತಮ್ಮಾ ಈಕಿ, ಇಷ್ಟು ಸಮಾಧಾನಲೆ ಹುರದಾಳ' ಅಂದ್ಲು. ನಿನ್ನ ಹೇಂತಿಗೆ ಒಂದು ಮಾತು ಕೇಳು ಅಂದಾಳ. ಬೆಳ್ಳೊಳ್ಳಿ ಹಸೀದು ಕುಟ್ಟಿ ಹಾಕ್ತಾಳೋ, ಕೆಂಡದಾಗ ಸುಟ್ಟು ಹಾಕ್ತಾಳೋ?"

ರೈತ ಮದುವೆಯಾದಾಗಿನಿಂದ ಹೊತ್ತು ಹೊತ್ತಿಗೂ ತಿಂದ ಪುಡಿ. ಅದರಲ್ಲಿ ಬೆಳ್ಳುಳ್ಳಿ ಇದೆ ಎಂಬುದೂ ಅವನಿಗೆ ಆಗಷ್ಟೇ ಗೊತ್ತಾದದ್ದು.

ಅವನು ಎದ್ದುಬಿಟ್ಟ. ಒಂದು ಗಲ್ಲ ನುಣ್ಣಗೆ, ಒಂದು ಗಲ್ಲದ ತುಂಬ ಸಾಬೂನು. ಹಾಗೆಯೇ ಓಣಿ ಹಿಡಿದು ಮನೆಗೆ ನಡೆದ. ನೋಡಿದವರೆಲ್ಲ ನಕ್ಕರು. ಅವನು ಯಾರನ್ನೂ ನೋಡಲಿಲ್ಲ.

ಗಂಡನ ಅವತಾರ ನೋಡಿ ಹೆಂಡತಿಯೂ ಬಿದ್ದು ಬಿದ್ದು ನಕ್ಕಳು. ಅವನು ಅಕ್ಕನ ಪ್ರಶ್ನೆಯನ್ನು ಅವಳ ಮುಂದಿಟ್ಟ. ನಗು ನಿಂತಿತು.

"ಯಾರು ಕೇಳಿದ್ರು?"

"ಆ ಊರಿನ ಅಕ್ಕ. ಈ ಡಬ್ಬ್ಯಾಗಿನ ಪುಡಿ ಮಾಡಿದಾಕಿ. ನಿನ್ನ ಆಕಿ ಒಮ್ಮೆನೂ ಕಂಡಿಲ್ಲ."

ಹೆಂಡತಿ ಒಲೆಯ ಕಡೆ ನೋಡಿದಳು. "ಹಸೀದೂ ಹಾಕಂಗಿಲ್ಲ, ಸುಡಂಗೂ ಇಲ್ಲ. ಬಿಸಿ ಬೂದ್ಯಾಗ ಹೂಳತೀನಿ. ಅಡಗಿ ಮುಗಿಯೂತನ ಅಲ್ಲೇ ಇರತೈತಿ. ನಮ್ಮವ್ವ ಹಂಗ ಮಾಡ್ತಿದ್ಲು." ಒಲೆಯ ಬೂದಿ ಕೆದಕುತ್ತ ಹೇಳಿದಳು. "ಇದನ್ನ ಯಾರರ ಒಬ್ಬರು ಕೇಳ್ತಾರನು ಅಂತ ಕಾದಿದ್ದೆ. ನೀವು ದಿನಾ ತಿಂದ್ರಿ. ಕೇಳಿದಾಕಿ, ನಾ ಮಾರಿ ನೋಡದಾಕಿ."

ಅವಳು ತಾಟು ಇಟ್ಟಳು. ಬಿಸಿ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಪಕ್ಕದಲ್ಲಿ ಡಬ್ಬಿ ಇತ್ತು. ರೈತನ ಕೈ ರೂಢಿಯ ಹಾಗೆ ಡಬ್ಬಿಯ ಕಡೆ ಹೋಯಿತು. ನಡುದಾರಿಯಲ್ಲಿ ನಿಂತಿತು.

ಅಜ್ಜಾರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಯಮನೂರ ಕೂತಲ್ಲೇ ಚಡಪಡಿಸಿದ. ಬರುವಾಗ ಕಾಲೆಳೆದುಕೊಂಡು ಬಂದವನ ಕಣ್ಣುಗಳು ಈಗ ಅರಳಿದ್ದವು. "ಆಮೇಲೆ ಏನ್ ಮಾಡಿದನ್ರಿ ಅವ? ಡಬ್ಬಿ ತಗೊಂಡನೋ, ಬಿಟ್ಟನೋ? ಮತ್ತ ಆ ಊರಿಗೆ ಹೋದನೇನ್ರಿ? ಆ ಅಕ್ಕಗ ಹೋಗಿ ಹೇಳಿದನೇನ್ರಿ, ಬೂದ್ಯಾಗ ಹೂಳೂದು?"

"ಅದು ಇರಲಿ. ಕತೆ ನಿನಗೆ ಹೇಗನ್ನಿಸಿತು?"

"ಚಲೋ ಐತ್ರಿ ಅಜ್ಜಾರ. ಆದ್ರ ಹಿಂದಿನ ಮಠದಾಗ ಇಂಥಾದ್ದ ಒಂದು ಕತಿ ಹೇಳ್ತಿದ್ರು, ಅದು ಇದಕ್ಕಿಂತ..."

ಮಾತು ಅಲ್ಲಿಗೇ ತುಂಡಾಯಿತು. ಯಾರೂ ತಡೆದಿರಲಿಲ್ಲ. ಯಮನೂರನ ಕೈ ಅವನಿಗೇ ತಿಳಿಯದ ಹಾಗೆ ಮೇಲೆದ್ದು ಅಂಗಿಯ ಕಿಸೆಯನ್ನು ಮುಟ್ಟಿ ನೋಡಿತು. ಕಿಸೆ ಬರಿದಾಗಿತ್ತು. ಅವನು ಕೈ ತೆಗೆಯಲಿಲ್ಲ. ಉಳಿದ ಶಿಷ್ಯರಲ್ಲಿ ಒಬ್ಬನೂ ನಗಲಿಲ್ಲ.

ಯಮನೂರ ಸಣ್ಣ ದನಿಯಲ್ಲಿ ಕೇಳಿದ. "ಹೊಳಿ ಆಚಿನ ಮಠಕ್ಕ ಹೋಗಲ್ಯೋ, ಬ್ಯಾಡೋ?"

ಅಜ್ಜಾರು ಎದ್ದು, ಅವನ ತಲೆಯ ಮೇಲೆ ಕೈಯಿಟ್ಟರು.

"ಧಾರಾಳವಾಗಿ ಹೋಗು ಮಗನೇ, ಡಬ್ಬಿ ಮಾತ್ರ ಇಲ್ಲೇ ಇಟ್ಟು ಹೋಗು."